ಒಂದಗುಳು

ರೂವಿಯಲ್ಲಿ, ಚಿನ್ನದಂಗಡಿಯ ಮೇಲೆ, ಮೂರನೇ ಮಹಡಿ.
ಬುಧವಾರ ಸಂಜೆ ಹಾರ್ಮೋನು ಡಾಕ್ಟರು.
ಅವರು ಬರುವ ಮೊದಲೇ ತೂಕದ ಯಂತ್ರವನ್ನು
ಬಾಗಿಲ ಪಕ್ಕಕ್ಕೆ ಎಳೆದಿಡುತ್ತಿದ್ದೆ,
ಚಪ್ಪಲಿ ಬಿಚ್ಚಿ ಎಂದು ಐದು ಭಾಷೆಯಲ್ಲಿ ಹೇಳುತ್ತಿದ್ದೆ.

ಎಂಬತ್ತೆಂಟು. ತೊಂಬತ್ತಾರು. ನೂರಾ ನಾಲ್ಕು.
ಬದ್ರಿಯಾ ಅಬಾಯಾ ಎತ್ತಿ ಹಿಡಿದು ನಿಲ್ಲುತ್ತಿದ್ದಳು,
ಬಟ್ಟೆಯ ಭಾರ ಕಳೆದು ಬರೆಯಿರಿ ಸಿಸ್ಟರ್, ಎಂದು ನಗುತ್ತ.
ಆಮೇಲೆ ಸ್ಕ್ಯಾನು. ಬೂದು ತೆರೆಯ ಮೇಲೆ
ಅಂಡಾಶಯದ ಅಂಚಿಗೆ ಪೋಣಿಸಿದ ಕರಿಮಣಿ.

ಆರು ವರ್ಷ, ಎರಡು ಬೀರು ತುಂಬ ಹಸಿರು ಫೈಲು.
ಯಾರು ಕೇಳಿದರೂ ಕಣ್ಣು ಮುಚ್ಚಿ ಹೇಳುತ್ತಿದ್ದೆ:
ಪಿಸಿಓಎಸ್ ಎಂದರೆ ದಪ್ಪ ಹೆಂಗಸರ ಕಾಯಿಲೆ.
ಬೇರೆ ಯಾರನ್ನೂ ನಾನು ಕಂಡಿರಲಿಲ್ಲ.

ಅನ್ನ ಬೆಂದಿತೇ ಎಂದು ತಿಳಿಯಲು
ಒಂದಗುಳು ಹಿಸುಕಿದರೆ ಸಾಕು ಅನ್ನುತ್ತಿದ್ದಳು ಅಮ್ಮ.
ಶಿರ್ವದ ನಮ್ಮ ಅಡುಗೆಮನೆಯಲ್ಲಿ ಅದು ನಿಜ.
ಹಿಸುಕುವ ಮೊದಲು ಅವಳು ಸೌಟು ತಳಕ್ಕಿಳಿಸಿ
ಒಮ್ಮೆ ಪೂರ್ತಿ ಕಲಕುತ್ತಿದ್ದಳು.
ಅದು ಗಾದೆಯಲ್ಲಿ ಬರಲಿಲ್ಲ.

ರೂವಿಯಲ್ಲಿ ಯಾರು ಕಲಕಿದರು?
ಕಂಪನಿಯ ಡಾಕ್ಟರು ಮೊದಲು ನೋಡುವುದು ಮೈಯನ್ನು.
ತುಂಬಿದ ಮೈಯಾದರೆ ಚೀಟಿ ಬರೆದು ನಮ್ಮಲ್ಲಿಗೆ ಕಳಿಸುತ್ತಾರೆ,
ಸಣಕಲಾದರೆ, ನೀರು ಬದಲಾಯಿತು, ನಿದ್ದೆ ಸಾಲದು,
ಮದುವೆಯಾದರೆ ಎಲ್ಲ ಸರಿಹೋಗುತ್ತದೆ.
ವಿಮೆಯವರೂ ತೂಕದ ಅಂಕಿ ನೋಡಿಯೇ ಸಹಿ ಹಾಕುವುದು.
ಇಪ್ಪತ್ತೈದು ರಿಯಾಲು ಇರುವವಳು,
ಮಗುವಾಗಲಿಲ್ಲವೆಂದು ಅತ್ತೆ ಎಳೆತಂದವಳು,
ಇಷ್ಟೂ ಬಾಗಿಲು ದಾಟಿ ಬಂದವರನ್ನು ತೂಗಿ
ಕಾಯಿಲೆಯನ್ನೇ ತೂಗಿದೆವು ಅಂದುಕೊಂಡೆವು.

ಹೋದ ವರ್ಷ ಕ್ಲಿನಿಕ್ಕು ಮುಚ್ಚಿತು.
ಈಗ ನಾನು ವೀಸಾ ಮೆಡಿಕಲ್ಲಿನ ಕೌಂಟರಿನಲ್ಲಿ.
ಇಲ್ಲಿ ಯಾರೂ ಕಾಯಿಲೆ ಎಂದು ಬರುವುದಿಲ್ಲ.
ಮುದ್ರೆ ಬೇಕು, ಬರುತ್ತಾರೆ,
ಏಜೆಂಟನ ವ್ಯಾನಿನಿಂದ ಪಾಸ್‌ಪೋರ್ಟು ಹಿಡಿದು ಇಳಿಯುತ್ತಾರೆ.
ಎಕ್ಸ್‌ರೇಗೆ ಮೊದಲು ಒಂದೇ ಪ್ರಶ್ನೆ ನನ್ನ ಪಾಲಿಗೆ:
ಕೊನೆಯ ಮುಟ್ಟು ಯಾವಾಗ?

ಕುರುನೇಗಲದ ನಿಲ್ಮಿಣಿ ಬೆರಳು ಮಡಿಸಿ ತಿಂಗಳೆಣಿಸಿದಳು,
ಎಣಿಕೆ ಒಂದು ಕೈ ದಾಟಿತು.
ಟಿಗಿಸ್ಟ್ ಬಾಯಿ ಬಿಡಲಿಲ್ಲ. ಗಲ್ಲದ ಮೇಲೆ
ಬ್ಲೇಡು ಆಡಿಸಿದ ಗುರುತು.
ಇಬ್ಬರಲ್ಲಿ ಯಾರು ಆ ಯಂತ್ರ ಹತ್ತಿದ್ದರೂ
ಮುಳ್ಳು ಐವತ್ತು ದಾಟುತ್ತಿರಲಿಲ್ಲ.
ದಪ್ಪನೆಯವರೂ ಬಂದರು, ತಿಂಗಳು ತಪ್ಪದವರು, ಬೇಕಾದಷ್ಟು.

ನಾನು ಡಾಕ್ಟರಲ್ಲ.
ಥೈರಾಯಿಡ್ ಇರಬಹುದು, ಬರೀ ಹಸಿವೂ ಇರಬಹುದು.
ಇವರಿಗೆ ಸ್ಕ್ಯಾನು ಮಾಡುವವರಿಲ್ಲ.
ಫಾರಮ್ಮಿನಲ್ಲಿ ಇರುವುದು ಒಂದೇ ಚೌಕ: ಗರ್ಭಿಣಿಯಲ್ಲ.
ಟಿಕ್ಕು. ಮುಂದಿನವರು.

ಬದ್ರಿಯಾಳ ಸಂಕಟ ಸುಳ್ಳೆನ್ನುತ್ತಿಲ್ಲ.
ಲಿಫ್ಟು ಕೆಟ್ಟ ದಿನ ಮಂಡಿ ಹಿಡಿದು ಏರಿದ ಮೂರು ಮಹಡಿ ನಿಜ,
ಬಾಯಿ ಕಟ್ಟು ಎಂದು ಬುಧವಾರಕ್ಕೊಮ್ಮೆ ಕೇಳಿಸಿಕೊಂಡದ್ದೂ ನಿಜ.
ಅವಳ ಮೈಯನ್ನೇ ರೋಗದ ಭಾವಚಿತ್ರ ಮಾಡಿ
ಗೋಡೆಗೆ ಹಾಕಿದವರು ನಾವು.

ಡಾಕ್ಟರ್ ಹನಾನ್ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದೆ.
ಎಳೆಯ ಬೆಂಡೆ ಮಾತ್ರ ಆರಿಸಿ ಚೀಲಕ್ಕೆ ಹಾಕುತ್ತ
ಬಾರದವರನ್ನು ನಾನು ಹೇಗೆ ನೋಡಲಿ, ಪ್ರೆಸಿಲ್ಲಾ, ಅಂದರು.
ಜಗಳದ ದನಿಯಲ್ಲಲ್ಲ. ನಿಜವಾಗಿಯೂ ಕೇಳಿದರು.

ರಾತ್ರಿ ಕನ್ನಡಿಯೆದುರು ದಾರ ಹಲ್ಲಿಗೆ ಕಚ್ಚಿ
ಗಲ್ಲದ ಕೂದಲು ಕೀಳುತ್ತೇನೆ.
ನನ್ನ ತೂಕ ನಲವತ್ತೇಳು.
ಕ್ಯಾಲೆಂಡರಿನಲ್ಲಿ ಮಾರ್ಚಿನ ಆಚೆ ಕೆಂಪು ಸುತ್ತಿಲ್ಲ,
ಇದು ಜುಲೈ. ರಾತ್ರಿ ಪಾಳಿಯದೇ ತಪ್ಪೆಂದು ಕೂತಿದ್ದೆ.
ಆರು ವರ್ಷ ಆ ಯಂತ್ರದ ಪಕ್ಕದಲ್ಲೇ ನಿಂತೆ,
ಸಾಲಿನಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

ಒಲೆಯ ಮೇಲೆ ಕುಚ್ಚಲಕ್ಕಿ.
ಮೇಲಿನ ಅಗುಳು ಇನ್ನೂ ಗಟ್ಟಿ.
ತಳದಲ್ಲಿ ಏನೋ ಸೀಯುತ್ತಿರುವ ವಾಸನೆ.